ಎರಡನೇ ಕೂಗು

ರಾತ್ರಿಗೆ ಹೊಲದಲ್ಲಿ ಕುರಿ ತರುಬಿ ಕೂಡಿಹಾಕುವ ಮೊದಲು ಓಬಮ್ಮ ಮಾಡುವ ಕೆಲಸವೊಂದಿತ್ತು. ಹಟ್ಟಿಯ ಬಲೆ ಬಿಚ್ಚುವುದಕ್ಕೂ ಮುಂಚೆ, ಗೂಟ ಹೊಡೆಯುವುದಕ್ಕೂ ಮುಂಚೆ, ಹೊತ್ತು ಇಳಿಯುವಾಗ ಎತ್ತರದ ಬಂಡೆಯೊಂದನ್ನು ಹುಡುಕಿ ಹತ್ತಿ ಕೂರುವುದು; ಖಾಲಿ ತಂಬಿಗೆಯ ಬಾಯಿಗೆ ತನ್ನ ಬಾಯಿ ಹಚ್ಚಿ ತೋಳದ ಹಾಗೆ ಕೂಗುವುದು. ಕೇಳಿದರೆ ತೋಳ ಸುಮ್ಮನಿರುವುದಿಲ್ಲ, ಇದ್ದಲ್ಲಿಂದಲೇ ಓಗೊಡುತ್ತದೆ. ಪಡುವಣ ಗುಡ್ಡದಿಂದ ಓಗೊಟ್ಟರೆ ಹಟ್ಟಿ ಮೂಡಣಕ್ಕೆ, ನಾಯಿ ಪಡುವಣಕ್ಕೆ. ಅಷ್ಟೇ ಲೆಕ್ಕ.

ಇದು ಅವಳ ಅಪ್ಪ ಬೊಮ್ಮಯ್ಯ ಕಲಿಸಿದ ವಿದ್ಯೆ. ಗಂಡುಮಕ್ಕಳಿಲ್ಲದ ಮನುಷ್ಯ, ಗಂಟಲನ್ನು ಮಗಳಿಗೆ ಕೊಟ್ಟುಹೋದ. ಕೊಡುವಾಗ ಒಂದೇ ಮಾತು ಹೇಳಿದ್ದ: "ಒಮ್ಮೆ ಕೂಗು, ಓಬಿ. ಅದು ಓ ಅಂತು ಅಂದ್ರ ಮುಗೀತು. ಎರಡನೇ ಸಲ ಬಾಯಿ ಹಚ್ಚಬ್ಯಾಡ."

ಯಾಕೆ ಅಂತ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೇಳಬೇಕೆಂದರೆ, ಈ ಐದು ವರ್ಷದಲ್ಲಿ ಎರಡನೇ ಸಲದ ಮಾತೇ ಬಂದಿರಲಿಲ್ಲ. ಕುರುಚಲು ಹೋಗಿ ಮೆಕ್ಕೆಜೋಳ ಬಂತು, ಮೆಕ್ಕೆಜೋಳ ಇಲ್ಲದ ಕಡೆ ಸೋಲಾರ್ ಹಲಗೆಗಳು ಬಂದವು, ತೋಳಗಳಿಲ್ಲದೆ ಗುಡ್ಡಗಳು ಮೂಕವಾದವು. ಆದರೂ ಓಬಮ್ಮ ಕೂಗು ಬಿಡಲಿಲ್ಲ. ಕೆಳಗೆ ರೊಟ್ಟಿ ಬಡಿಯುತ್ತಾ ನಾದಿನಿ ಜಂಬಕ್ಕ ಕಾಡಿಸುತ್ತಿದ್ದಳು: "ಯಾರನ್ನ ಕರಿಯಾಕತ್ತೀಯೇ? ನಮ್ಮಣ್ಣ ಸತ್ತು ಹನ್ನೊಂದು ವರ್ಷಾತು, ಇನ್ನ ಎದ್ದು ಬರ್ತಾನೇನು?"

"ಬಂದ್ರ ನಿನ್ನ ರೊಟ್ಟಿ ತಿಂದು ಮತ್ತ ಸಾಯ್ತಾನ ಬಿಡು."

ಹೀಗೆ ಇಬ್ಬರೂ ಇಪ್ಪತ್ತು ವರ್ಷ ಕುರಿಯ ಹಿಂದೆ ಊರೂರು ಸುತ್ತಿದ್ದರು. ಕಳೆದ ಯುಗಾದಿಗೆ ಜಂಬಕ್ಕನಿಗೆ ಜ್ವರ ಬಂತು. ಮೂರನೇ ದಿನಕ್ಕೆ ಜ್ವರವೂ ಹೋಯಿತು, ಜಂಬಕ್ಕನೂ ಹೋದಳು. ಈಗ ಓಬಮ್ಮನ ಜೊತೆಗಿರುವವನು ಜಂಬಕ್ಕನ ಮಗ ದುರುಗೇಶ. ಒಳ್ಳೆಯವನೇ. ಆದರೆ ಕಿವಿಗೆ ಮೊಬೈಲಿನ ವೈರು ಸಿಕ್ಕಿಸಿಕೊಂಡರೆ ಅವನ ಪಾಲಿಗೆ ಅತ್ತೆಯೂ ಇಲ್ಲ, ಕುರಿಯೂ ಇಲ್ಲ. ಒಲೆಯ ಮುಂದೆ ಕೂತು ಓಬಮ್ಮ ಏನೋ ಹೇಳಲು ಬಾಯಿ ತೆರೆಯುವಳು, ತಿರುಗಿ ನೋಡಿದರೆ ಜಾಗ ಖಾಲಿ.

ಈ ಕಾರ್ತಿಕದಲ್ಲಿ ಉಜ್ಜಿನಿಯ ಹತ್ತಿರ ಪಂಚಾಕ್ಷರಪ್ಪನವರ ಹೊಲಕ್ಕೆ ಕುರಿ ಇಳಿಸಿದರು. ಕಟಾವಾದ ಮೆಕ್ಕೆಜೋಳದ ಕೂಳೆ, ಪಕ್ಕದಲ್ಲಿ ಕುರುಚಲು ಗುಡ್ಡ. ಓಬಮ್ಮ ಎಂದಿನಂತೆ ಬಂಡೆ ಹತ್ತಿ ಕೂಗಿದಳು. ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಇಳಿಯಲು ಕಾಲು ಚಾಚಿದಳು.

ಆಗ ಬಂತು. ಪಡುವಣದ ಮೂರನೇ ಗುಡ್ಡದಾಚೆಯಿಂದ, ತೆಳ್ಳಗೆ, ಉದ್ದಕ್ಕೆ. ಒಂದೇ ದನಿ.

ಓಬಮ್ಮ ಚಾಚಿದ ಕಾಲು ಹಿಂದಕ್ಕೆಳೆದುಕೊಂಡಳು. ಅಪ್ಪನ ಮಾತು ನೆನಪಾಗಲಿಲ್ಲ ಎನ್ನುವಂತಿಲ್ಲ, ನೆನಪಾಯಿತು. ಆದರೆ ಎಂಟು ತಿಂಗಳಾಗಿತ್ತು, ಅವಳು ಅಂದದ್ದಕ್ಕೆ ಈ ಜಗತ್ತಿನಲ್ಲಿ ಯಾರಾದರೂ ಓ ಅಂದು. ತಂಬಿಗೆ ಎತ್ತಿಕೊಂಡು ಮತ್ತೆ ಕೂಗಿದಳು. ಅದೂ ಮತ್ತೆ ಓಗೊಟ್ಟಿತು. ಕತ್ತಲಾಗುವವರೆಗೆ ಹೀಗೇ ನಡೆಯಿತು.

"ಅತ್ತಿ, ಒಮ್ಮೆ ಕೂಗಿದ್ದು ಸಾಲಲಿಲ್ಲೇನು?" ದುರುಗೇಶ ಕೆಳಗಿನಿಂದ ಕೂಗಿದ. "ಅದರ ಕೂಡ ಹರಟಿ ಹೊಡಿಯಾಕತ್ತೀಯಲ್ಲ!"

"ನೀ ಹೊಡೀತಿದ್ರ ನಿನ್ನ ಕೂಡs ಹೊಡೀತಿದ್ದೆ ಬಿಡಲೇ."

ಮರುದಿನ ಓಗೊಟ್ಟದ್ದು ಎರಡನೇ ಗುಡ್ಡದಿಂದ. ಅದರ ಮರುದಿನ ಇನ್ನೂ ಈಚೆಯಿಂದ. ಹೊಲದಲ್ಲಿ ಕೂಳೆ ಮುಗಿದು, ಜೊತೆಗೆ ಬಂದಿದ್ದ ಬೇರೆ ಹಿಂಡಿನವರೆಲ್ಲ ತಂಬ್ರಹಳ್ಳಿ ಕಡೆಗೆ ಹೊರಟರು. ಓಬಮ್ಮ ಮಾತ್ರ ಕುರಿಯ ಕಾಲು ನೋಯುತ್ತದೆ ಎಂದಳು, ಮೋಡ ಕಟ್ಟಿದೆ ಎಂದಳು. ಆಕಾಶ ತೊಳೆದಿಟ್ಟ ಹಾಗಿತ್ತು. ಅತ್ತೆಯನ್ನು ಒಬ್ಬಳೇ ಬಿಟ್ಟು ಹೋಗಲಾರದೆ ದುರುಗೇಶ ಗೊಣಗುತ್ತಾ ಉಳಿದ.

ಅಷ್ಟರಲ್ಲಿ ಸ್ಕೂಟಿ ಹತ್ತಿಕೊಂಡು ಶಾಂಭವಿ ಬಂದಳು. ಕೊಟ್ಟೂರಿನ ಕಿರಾಣಿ ಅಂಗಡಿಯವರ ಮಗಳು, ತೋಳಗಳ ಮೇಲೆ ಅಧ್ಯಯನ ಮಾಡುವವಳು. ಮರಕ್ಕೆ ಕ್ಯಾಮೆರಾ ಕಟ್ಟಿ, ಮುಂದೆ ಹಾದುಹೋದ ಪ್ರಾಣಿಯ ಫೋಟೋ ಹಿಡಿಯುವುದು ಅವಳ ಕೆಲಸ. ತೋಳ ಕೂಗಿದ ಸುದ್ದಿ ಪಂಚಾಕ್ಷರಪ್ಪನವರಿಂದ ಅವಳಿಗೆ ತಲುಪಿತ್ತು. ಬಂಡೆಯ ಎದುರಿನ ಜಾಲಿಮರಕ್ಕೆ ಒಂದು ಕ್ಯಾಮೆರಾ ಕಟ್ಟಿ, ಓಬಮ್ಮ ಕೊಟ್ಟ ಚಹಾ ಹಿಡಿದು ಕೂತಳು.

"ಒಂದೇ ದನಿ ಅಂತೀರಲ್ರಿ, ಅಂದ್ರ ಇದು ಒಂಟಿ, ಅವ್ವಾ. ಗುಂಪು ಇದ್ರ ಮೂರು-ನಾಕು ದನಿ ಕೂಡ್ತಿದ್ವು. ತಾಯಿ ಗುಂಪು ಬಿಟ್ಟು ಜೋಡಿ ಹುಡುಕಾಕ ಬಂದೈತಿ. ಯುರೋಪಿನಾಗ ಒಂದು ತೋಳ ಹಿಂಗs ಹೊಂಟಿತ್ರಿ, ಬೆಟ್ಟ, ನದಿ, ಹೆದ್ದಾರಿ ದಾಟಿ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ನಡೀತು."

"ಯವ್ವಾ! ಸಿಕ್ತೇನು ಜೋಡಿ?"

"ಸಿಕ್ತುರಿ."

"ಸಿಕ್ತಲ್ಲ, ಬಿಡು," ಎಂದಳು ಓಬಮ್ಮ, ತನ್ನ ಮನೆಯ ಹುಡುಗನಿಗೇ ಹೆಣ್ಣು ಸಿಕ್ಕ ಹಾಗೆ. ಸಂಜೆ ತಾನು ಏನು ಮಾಡುತ್ತೇನೆಂದು ಮಾತ್ರ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಅನ್ನಿಸಿತು.

ಆರನೇ ದಿನ ದುರುಗೇಶನ ಒಂದು ಮರಿ ಕಾಣೆಯಾಯಿತು. ಹಳ್ಳದ ದಂಡೆಯಲ್ಲಿ ಉಣ್ಣೆಯೂ ಎರಡು ಗೊರಸೂ ಸಿಕ್ಕವು. ಅವನು ಕಿವಿಯ ವೈರು ಕಿತ್ತು ಜೇಬಿಗಿಟ್ಟ.

"ಕರದು ಕರದು ಹಟ್ಟಿ ಬಾಗಲಿಗೇ ತಂದಿಯಲ್ಲ ಅತ್ತಿ! ಇನ್ನೊಮ್ಮೆ ಬರಲಿ, ಸತ್ತ ಮರಿಗೆ ವಿಷದ ಮದ್ದು ಹಚ್ಚಿ ಇಡ್ತೀನಿ. ಒಂದs ತುತ್ತು, ಮುಗೀತು."

ಮರುದಿನ ಬೆಳಿಗ್ಗೆ ಶಾಂಭವಿ ಕ್ಯಾಮೆರಾ ಬಿಚ್ಚಿ ಫೋಟೋ ತೋರಿಸಿದಳು. ನಸುಕಿನಲ್ಲಿ ತೆಗೆದದ್ದು. ಓಬಮ್ಮ ಕೂರುವ ಬಂಡೆಯ ಮೇಲೆ ತೋಳ ನಿಂತಿತ್ತು. ಪಕ್ಕೆಲುಬು ಎಣಿಸಬಹುದಾದ ಗಂಡು, ಎಡಗಿವಿಯ ತುದಿ ಹರಿದಿತ್ತು. ಮುಂದಿನ ಫೋಟೋದಲ್ಲಿ ಅದು ಬಂಡೆಯನ್ನು ಮೂಸುತ್ತಿತ್ತು, ಸರಿಯಾಗಿ ತಂಬಿಗೆ ಇಡುವ ಜಾಗವನ್ನು. ಆಮೇಲೆ ಅಲ್ಲೇ ಮುದುರಿ ಮಲಗಿತ್ತು.

"ಕುರಿ ಇಷ್ಟು ಹತ್ರ ಇದ್ರೂ ಆ ಕಡೆ ತಿರುಗಿ ಸೈತ ನೋಡಿಲ್ರಿ. ಈ ಬಂಡಿ ಮ್ಯಾಲೆ ಏನೈತಿ ಅವ್ವಾ?"

ಓಬಮ್ಮ ತಂಬಿಗೆ ತಂದು ಅವಳ ಮುಂದಿಟ್ಟಳು. ಹೇಳಿದಳು. ತಂಬಿಗೆ, ಅಪ್ಪ, ಒಂದು ಕೂಗು, ಎರಡನೇ ಕೂಗು, ಎಲ್ಲ.

ಶಾಂಭವಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅದು ಇಲ್ಲಿ ಒಂದು ಹೆಣ್ಣು ಐತಿ ಅಂದುಕೊಂಡೈತ್ರಿ," ಎಂದಳು ಮೆಲ್ಲಗೆ. "ದಿನಾ ಕರೀತಾಳ, ಹತ್ರ ಬಂದ್ರ ಸಿಗವಲ್ಲಳು ಅಂತ ಇಲ್ಲೇ ಸುತ್ತಾಕತ್ತೈತಿ. ಜೋಡಿ ಕೂಡೋ ಕಾಲ ಅಂದ್ರ ಇದs. ಹರಪನಹಳ್ಳಿ ಕಡೆ ಗುಡ್ಡದಾಗ ಹೋದ ತಿಂಗಳು ನನ್ನ ಕ್ಯಾಮೆರಾಕ್ಕ ಒಂದು ಒಂಟಿ ಹೆಣ್ಣು ಸಿಕ್ಕೈತಿ. ಇಲ್ಲಿ ಕೂಗು ನಿಂತ್ರ ಆ ಕಡೆ ಹೋದೀತು."

ಸತ್ತ ಜಂಬಕ್ಕನ ದನಿಯಲ್ಲಿ ಯಾರಾದರೂ ತನ್ನನ್ನು ಹೀಗೆ ಹೊಲದಿಂದ ಹೊಲಕ್ಕೆ ಕರೆದಿದ್ದರೆ? ಓಬಮ್ಮ ಎದ್ದು ಸೀದಾ ದುರುಗೇಶನ ಬಳಿ ಹೋದಳು.

"ಮೂರು ದಿನ ಕೊಡು. ಅದು ಹೋಗಂಗ ಮಾಡ್ತೀನಿ. ಹೋಗ್ಲಿಲ್ಲಂದ್ರ ಮದ್ದು ಹಚ್ಚಾಕ ನನ್ನ ಮರಿ ನಾನs ಕೊಡ್ತೀನಿ."

ದುರುಗೇಶ ಅವಳ ಮುಖ ನೋಡಿದ. "ಮೂರs ದಿನ ನೋಡತ್ತಿ."

ಮೊದಲ ಸಂಜೆ ಅವಳು ತಂಬಿಗೆಗೆ ಕಂಠದವರೆಗೆ ನೀರು ತುಂಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಖಾಲಿ ಇದ್ದರೆ ತನ್ನ ಮೇಲೇ ತನಗೆ ನಂಬಿಕೆಯಿರಲಿಲ್ಲ. ತೋಳವೇ ಮೊದಲು ಕೂಗಿತು. ನಿಲ್ಲಿಸಿ ಕಾಯಿತು. ಮತ್ತೆ ಕೂಗಿತು. ಏಳು ಸಲ ಎಣಿಸಿದಳು, ಆಮೇಲೆ ಎಣಿಸುವುದನ್ನು ಬಿಟ್ಟಳು. ನೀರು ಅಲುಗಿ ಸೀರೆಯೆಲ್ಲ ಒದ್ದೆಯಾಯಿತು.

ಎರಡನೇ ಸಂಜೆ ದುರುಗೇಶ ನೀರಿಗೆ ಹೋಗಿದ್ದಾಗ ಅದು ತಾನಾಗಿ ಬಂತು. ಕಲ್ಲು ಎಸೆದರೆ ಮುಟ್ಟುವಷ್ಟು ದೂರದಲ್ಲಿ, ಕಳ್ಳಿಯ ಪಕ್ಕ ನಿಂತು ಅವಳನ್ನು ನೋಡಿತು. ಅವಳೂ ನೋಡಿದಳು. ಹರಿದ ಕಿವಿ, ಹಳದಿ ಕಣ್ಣು. ಬಂಡೆಯ ಮೇಲೆ ನರೆಗೂದಲಿನ ಒಬ್ಬ ಹೆಂಗಸು, ಮಡಿಲಲ್ಲಿ ನೀರಿನ ತಂಬಿಗೆ. ಅದು ಹುಡುಕಿಕೊಂಡು ಬಂದದ್ದು ಅಲ್ಲಿರಲಿಲ್ಲ. ಅವಳ ಹಿಂದೆ, ಆಚೆ, ಈಚೆ ಕಣ್ಣಾಡಿಸಿತು.

"ಯಾರೂ ಇಲ್ಲಪ್ಪ," ಎಂದಳು ಓಬಮ್ಮ. "ಜಂಬಕ್ಕನಾಣಿ, ಇಲ್ಲಿ ಯಾರೂ ಇಲ್ಲ. ಹೋಗು."

ಮನುಷ್ಯರ ಮಾತು ಕೇಳಿದ್ದೇ ತಡ, ಅದು ಕುರುಚಲಿನೊಳಗೆ ಕರಗಿಹೋಯಿತು. ಬಂದು ಹೋದದ್ದನ್ನು ಅವಳು ದುರುಗೇಶನಿಗೆ ಹೇಳಲಿಲ್ಲ.

ಮೂರನೇ ಸಂಜೆ ಒಂದೇ ಕೂಗು ಕೇಳಿಸಿತು. ಪಡುವಣದಲ್ಲಿ, ಬಹಳ ದೂರದಲ್ಲಿ. ಅದು ಕಿವಿಗೆ ಬಿತ್ತೋ ತಾನೇ ಕೇಳಿಸಿಕೊಂಡಳೋ ಹೇಳುವುದು ಕಷ್ಟ. ತಂಬಿಗೆಯನ್ನು ಗಟ್ಟಿಯಾಗಿ ಅವುಚಿಕೊಂಡು ಕೂತಿದ್ದಳು, ಅಷ್ಟೆ.

ಎರಡು ದಿನ ಬಿಟ್ಟು ಶಾಂಭವಿಯ ಫೋನ್ ಬಂತು. ಹರಪನಹಳ್ಳಿ ದಾರಿಯ ಕೆರೆಯಂಗಳದ ಕೆಸರಿನಲ್ಲಿ ಹೆಜ್ಜೆ ಸಿಕ್ಕಿದೆಯಂತೆ, ಪಡುವಣಕ್ಕೆ ಮುಖ ಮಾಡಿದ್ದು.

"ಒಂದರದ್ದೋ, ಎರಡರದ್ದೋ?"

"ಸದ್ಯಕ್ಕ ಒಂದರದ್ದs, ಅವ್ವಾ."

ಆಮೇಲೆ ಅವರೂ ಹಟ್ಟಿ ಕಿತ್ತು ಹೊರಟರು; ತಂಬ್ರಹಳ್ಳಿಯ ಹೊಲ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಹೊಲದ ತಲೆಯಲ್ಲಿ ಒಳ್ಳೆಯ ಎತ್ತರದ ಬಂಡೆಯೂ ಇತ್ತು. ದುರುಗೇಶ ಗೂಟಗಳ ಕಟ್ಟು ಇಳಿಸಿ, ಕಿವಿಯ ವೈರು ತೆಗೆದು ಕಾಯುತ್ತಾ ನಿಂತ.

"ಅತ್ತಿ, ಹಟ್ಟಿ ಯಾವ ಕಡಿಗೆ ಹಾಕ್ಲಿ? ಕೂಗಲ್ಲೇನು?"

ಓಬಮ್ಮ ನಾಲ್ಕೂ ದಿಕ್ಕು ನೋಡಿದಳು. ಯಾವ ದಿಕ್ಕೂ ಏನೂ ಹೇಳಲಿಲ್ಲ.

"ಎಲ್ಲಿ ಬೇಕಾದ್ರೂ ಹಾಕು," ಎಂದಳು. ಬಿಂದಿಗೆ ಬಗ್ಗಿಸಿ ತಂಬಿಗೆಗೆ ನೀರು ತುಂಬಿ, ಒಲೆಯ ಪಕ್ಕ, ಜಂಬಕ್ಕ ಕೂರುತ್ತಿದ್ದ ಕಡೆಗೆ ಇಟ್ಟಳು.