ಹಳೇ ಲಾರಿಯ ಉಸಿರು

ಗುಜರಿಯವನ ಕ್ರೇನ್ ಬಂದು ನಿಂತಾಗ ರಂಜಿನಿ ಕಾರ್ಬ್ಯುರೇಟರಿನ ನಟ್ಟು ಬಿಗಿಯುತ್ತಿದ್ದಳು. ಒಂದನ್ನೇ ಪೂರ್ತಿ ಬಿಗಿದರೆ ಕೆಳಗಿನ ಗ್ಯಾಸ್ಕೆಟ್ ಓರೆಯಾಗಿ ಗಾಳಿ ನುಸುಳುತ್ತದೆ. ಅದಕ್ಕೇ ಇತ್ತ ಸ್ವಲ್ಪ, ಅತ್ತ ಸ್ವಲ್ಪ. ಎರಡು ಜಡೆ ಹೆಣೆಯುವಷ್ಟು ಸಮಾಧಾನ ಬೇಡುವ ಕೆಲಸ. ಅವಳಲ್ಲಿ ಅದೊಂದೇ ಇರಲಿಲ್ಲ.

"ಸಿದ್ದೇಶಣ್ಣ, ಸರಪಳಿ ಹಾಕ್ಲಾ?" ಗುಜರಿ ಅಂಗಡಿಯ ದುಂಡೇಶ ಬೀಡಿ ಹಚ್ಚುತ್ತಾ ಕೇಳಿದ.

"ಹಾಕಿಟ್ಕೊಂಡಿರು," ಎಂದ ಅವಳ ಅಪ್ಪ.

ಲಗ್ಗೆರೆಯ ಆ ಇಕ್ಕಟ್ಟು ಬೀದಿಯಲ್ಲಿ ತಾತನ ಪೆಟ್ರೋಲ್ ಲಾರಿ ಕೆಟ್ಟು ನಿಂತು ವರ್ಷದ ಮೇಲಾಗಿತ್ತು. ಶಾಮಿಯಾನದ ಗಳ, ಅಡುಗೆ ಪಾತ್ರೆ ಹೊತ್ತು ಊರೆಲ್ಲ ತಿರುಗಿದ ಲಾರಿ. ಅಪ್ಪ ಡೀಸೆಲ್ ಗಾಡಿ ಕೊಂಡ ಮೇಲೆ ಅದನ್ನು ಕೇಳುವವರಿರಲಿಲ್ಲ, ದಾರಿಗಡ್ಡ ಎಂದು ಬೈಯುವ ಅಕ್ಕಪಕ್ಕದವರನ್ನು ಬಿಟ್ಟರೆ. ಕತ್ತಲಾಗುವುದರೊಳಗೆ ಲಾರಿ ತಾನಾಗಿ ಕದಲಿ ಮನೆಯ ಹಿಂದೆ, ಅಜ್ಜಿಯ ಹಾಗಲ ಚಪ್ಪರವೊಂದನ್ನು ಬಿಟ್ಟರೆ ಖಾಲಿಯಿದ್ದ ಸೈಟು ಸೇರಿದರೆ ರಂಜಿನಿಗೆ, ಇಲ್ಲವಾದರೆ ದುಂಡೇಶನಿಗೆ. ಇದು ಅಪ್ಪನ ಮಾತು.

ರಂಜಿನಿಗೆ ಅದು ಬೇಕೇ ಬೇಕಿತ್ತು. ಮಹಡಿಯ ಮೇಲೆ ಬೆಳೆಸಿದ ಗಿಡಗಳನ್ನು ಹೇರಿಕೊಂಡು ವಿಜಯನಗರ, ಬಸವೇಶ್ವರನಗರ ಎಂದು ಮಾರಿ ಬರಬೇಕು. ಕಣ್ಣು ಮುಚ್ಚಿದರೆ ಸಾಕು, ಲಾರಿಯ ಬೆನ್ನೇರಿದ ಒಂದು ಸಣ್ಣ ಕಾಡು ಬೀದಿ ಬೀದಿ ಸುತ್ತುತ್ತಿತ್ತು. ಆಟೊಮೊಬೈಲ್ ಡಿಪ್ಲೊಮಾ ಮಾಡಿದವಳು. ಬಿರುಕು ಬಿಟ್ಟ ಹಳೆಯ ಕಾರ್ಬ್ಯುರೇಟರಿಗೆ ಬದಲಿಯನ್ನು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ತಡಕಾಡಿ ತಂದಿದ್ದಳು.

ಪೆಟ್ರೋಲ್ ಪೈಪು ಜೋಡಿಸಿದಳು. ಗಾಳಿ-ಪೆಟ್ರೋಲಿನ ಹದ ಮಾಡುವ ಮಿಕ್ಸ್ಚರ್ ಸ್ಕ್ರೂವನ್ನು ತಳ ಮುಟ್ಟುವ ತನಕ ಮೆಲ್ಲಗೆ ತಿರುಗಿಸಿ, ಮತ್ತೆ ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟಳು. ಒಳಗೆ ಕೂತು ಚೋಕ್ ಎಳೆದು ಸ್ಟಾರ್ಟರ್ ಒತ್ತಿದಳು.

ಲಾರಿ ಕೆಮ್ಮಿತು, ಗುಡುಗಿತು, ಶುರುವಾಯಿತು. ಬೀದಿಯ ತುಂಬ ಕಪ್ಪು ಹೊಗೆ.

"ಆಫ್ ಮಾಡೇ! ಆಫ್ ಮಾಡು!" ಅಪ್ಪ ಕಿರುಚಿದ.

ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಉಕ್ಕಿ, ಬಿಸಿಯೇರುತ್ತಿದ್ದ ಹೊಗೆಪೈಪಿನ ಮೇಲೆ ಚುಂಯ್ ಎಂದು ಬೀಳುತ್ತಿತ್ತು. ದುಂಡೇಶ ಬೀಡಿಯನ್ನು ಚರಂಡಿಗೆಸೆದು ಕ್ರೇನಿನ ಹಿಂದೆ ಓಡಿದ. ಅಪ್ಪ ಬೊಗಸೆ ಬೊಗಸೆ ಮರಳು ಸುರಿದ. ರಂಜಿನಿ ತಡಕಾಡಿದಾಗ ಕೀಲಿ ಕೈಗೆ ಸಿಗಲಿಲ್ಲ. ಎರಡನೇ ಸಲಕ್ಕೆ ಸಿಕ್ಕಿತು, ಎಂಜಿನ್ ನಿಂತಿತು.

"ಸಾಕು ಕಣಮ್ಮ. ಮನೆಗೇ ಬೆಂಕಿ ಇಡ್ತೀಯಾ?"

ರಂಜಿನಿ ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದಳು. ತೊಟ್ಟಿ ತುಂಬಿದೊಡನೆ ಪೆಟ್ರೋಲ್ ತಡೆಯಬೇಕಾದ ಸೂಜಿ ಕೂರುತ್ತಿರಲಿಲ್ಲ. ಅದರ ಕೆಳಗೆ ಏನೋ ಸಿಕ್ಕಿಕೊಂಡಿತ್ತು. ಹೇರ್‌ಪಿನ್ನಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ಅರಿಶಿನ ಬಣ್ಣದ ನುಚ್ಚಕ್ಕಿ.

ಬಾಗಿಲಲ್ಲಿದ್ದ ಅಜ್ಜಿ ಗಂಗಲಕ್ಷ್ಮಮ್ಮನ ಮುಖ ಸಣ್ಣದಾಯಿತು.

"ಅಜ್ಜೀ?"

"ಹೊಸ ಸಾಮಾನು ಕಣೇ, ಪೂಜೆ ಮಾಡ್ದೆ ಹಾಕ್ತಾರಾ? ಬಾಯಿಗೆ ಪ್ಲಾಸ್ಟಿಕ್ ಬಿರಡೆ ಇತ್ತು. ಬಾಯಿ ಮುಚ್ಕೊಂಡಿರೋದಕ್ಕೆ ಎಂಥ ಪೂಜೆ ಅಂತ ತೆಗೆದು ಒಂದು ಚಿಟಿಕೆ ಅಕ್ಷತೆ ಹಾಕ್ದೆ."

"ಆರತಕ್ಷತೆ ಆಗೋಯ್ತು," ಎಂದ ಅಪ್ಪ. "ಊಟ ಮಾಡ್ಕೊಂಡು ಹೋಗು ದುಂಡೇಶ."

"ಕೆಂಗೇರೀಲಿ ಇನ್ನೊಂದು ಗಾಡಿ ಕಾಯ್ತಾ ಇದೆ ಅಣ್ಣ. ಅಕ್ಕಿ ಸಿಕ್ತಲ್ಲ, ಮುಚ್ಚಿ ನೋಡಕ್ಕ ಬೇಗ."

ಮುಚ್ಚಬಹುದಿತ್ತು. ಸಂಜೆಬಿಸಿಲು ಆಗಲೇ ಎದುರು ಮನೆಯ ನೀರಿನ ಟ್ಯಾಂಕಿನ ಮೇಲಕ್ಕೇರಿತ್ತು.

"ಅಜ್ಜೀ, ನಿಜ ಹೇಳು. ಇನ್ನೇನು ಹಾಕ್ದೆ?"

"ಕುಂಕುಮ," ಎಂದಳು ಗಂಗಲಕ್ಷ್ಮಮ್ಮ. ಸ್ವಲ್ಪ ತಡೆದು, "ಗಂಧಾನೂ."

ರಂಜಿನಿ ಎಲ್ಲವನ್ನೂ ಬಿಚ್ಚಿದಳು. ಪೆಟ್ರೋಲ್ ಹಾಯುವ ಹಿತ್ತಾಳೆ ಜೆಟ್ಟುಗಳನ್ನು ತೊಳೆದು ಒಂದೊಂದನ್ನೇ ಬೆಳಕಿಗೆ ಹಿಡಿದಳು. ಒಂದರ ತೂತಿನಲ್ಲಿ ಸೂಜಿಮೊನೆಯಷ್ಟು ಆಕಾಶ ಕಂಡಿತು. ಇನ್ನೊಂದರಲ್ಲಿ ಕೆಂಪು ಕತ್ತಲೆ. ಊದಿದಳು, ತೊಳೆದಳು, ಮತ್ತೆ ಊದಿದಳು. ಬಾಯೆಲ್ಲ ಪೆಟ್ರೋಲ್ ಕಹಿ. ಕೊನೆಗೆ ಅಲ್ಲೂ ಆಕಾಶ ಇಣುಕಿತು.

ಮತ್ತೆ ಜೋಡಿಸಿ ಸ್ಟಾರ್ಟರ್ ಒತ್ತಿದರೆ ಟಕ್ ಎಂದಿತು, ಅಷ್ಟೇ. ಬ್ಯಾಟರಿ ಸತ್ತಿತ್ತು.

ದುಂಡೇಶ ಕ್ರೇನ್ ಶುರು ಮಾಡಿದ. ಸರಪಳಿ ಬಿಗಿಯತೊಡಗಿತು.

"ತಡಿಯೋ," ಎಂದು ಅಪ್ಪ ಸೀಟಿನ ಕೆಳಗಿಂದ ಎಂಜಿನ್ ತಿರುಗಿಸುವ ತುಕ್ಕು ಹಿಡಿದ ಹ್ಯಾಂಡಲ್ ಎಳೆದ. ಕ್ರೇನಿಗೂ ಲಾರಿಗೂ ನಡುವೆ ತೂರಿಕೊಂಡು, ಬಂಪರಿನ ತೂತಿಗೆ ಅದನ್ನು ಸಿಗಿಸಿದ. "ನ್ಯೂಟ್ರಲ್ ನೋಡಿದ್ದೀಯೇನೇ? ಇಲ್ಲಾಂದ್ರೆ ಇಲ್ಲೇ ಚಪಾತಿ ಆಗ್ತೀನಿ."

"ನೋಡಿದ್ದೀನಪ್ಪಾ."

"ಇನ್ನೊಂದ್ಸಲ ನೋಡು."

ನೋಡಿ ಬಂದಳು. ಅಪ್ಪ ತಿರುಗಿಸಿದ. ಏನಿಲ್ಲ. ಮತ್ತೆ ತಿರುಗಿಸಿದ, ಹ್ಯಾಂಡಲ್ ಒದ್ದು ಬಂದು ಮೊಣಕೈಗೆ ಬಡಿಯಿತು. ಬೈಯುತ್ತಲೇ ಮತ್ತೊಮ್ಮೆ ತಿರುಗಿಸಿದಾಗ ಲಾರಿ ಎಚ್ಚರಗೊಂಡಿತು.

ಅವಳ ಒಂದು ಕೈ ಥ್ರಾಟಲ್ ಮೇಲೆ, ಇನ್ನೊಂದು ಸ್ಕ್ರೂ ಮೇಲೆ. ಒಳಕ್ಕೆ ತಿರುಗಿಸಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಹೊರಕ್ಕೆ ಬಿಟ್ಟರೆ, ಹೊಟ್ಟೆ ಬಿರಿಯೆ ಉಂಡ ರಾಕ್ಷಸನಂತೆ ಭಾರವಾಗಿ ಏದುಸಿರು ಬಿಡುತ್ತಿತ್ತು. ಆ ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿಗೆ ಬಂದಾಗ ಸದ್ದು ದುಂಡಗಾಯಿತು. ಥ್ರಾಟಲಿನಿಂದ ಕೈ ತೆಗೆದಳು. ಎಂಜಿನ್ ಒಮ್ಮೆ ಕುಸಿಯಿತು. ಎಲ್ಲರೂ ಅದನ್ನೇ ನೋಡಿದರು. ನಿಲ್ಲಲಿಲ್ಲ.

"ಸರಪಳಿ ತೆಗಿ," ಎಂದ ಅಪ್ಪ ಮೊಣಕೈ ಉಜ್ಜಿಕೊಳ್ಳುತ್ತ.

"ಇನ್ನೂ ಕದಲಿಲ್ವಲ್ಲಣ್ಣ?"

"ನೀನು ಕಟ್ಟಾಕಿದ್ರೆ ಹೆಂಗಯ್ಯಾ ಕದಲುತ್ತೆ?"

ದುಂಡೇಶ ಸರಪಳಿ ಬಿಚ್ಚುತ್ತಲೇ ರಂಜಿನಿ ಸೀಟಿಗೆ ಹಾರಿ ರಿವರ್ಸ್ ಹಾಕಿದಳು. ಕ್ಲಚ್ ಬಿಡುತ್ತಿದ್ದಂತೆ ಲಾರಿ ನಡುಗಿತು; ವರ್ಷದಿಂದ ನೆಲಕ್ಕಂಟಿದ್ದ ಚಕ್ರಗಳು ಪಟ್ಟನೆ ಬಿಟ್ಟುಕೊಂಡವು. ಸೈಟಿನ ಅಂಚು ಹತ್ತುವಾಗ ಎಂಜಿನ್ನಿನ ದನಿ ಕೆಳಕ್ಕಿಳಿಯಿತು.

"ನಿಲ್ಸೇ, ನನ್ನ ಹಾಗಲ ಚಪ್ಪರ!" ಹಿಂದಿನಿಂದ ಗಂಗಲಕ್ಷ್ಮಮ್ಮ ಕೂಗಿದಳು.

ನಿಲ್ಲಿಸಿದರೆ ಮತ್ತೆ ಹೊರಡುತ್ತದೋ ಇಲ್ಲವೋ. ರಂಜಿನಿ ತುಟಿ ಕಚ್ಚಿ ಆಕ್ಸಿಲರೇಟರ್ ಒತ್ತಿದಳು. ಚಪ್ಪರದ ಕೋಲುಗಳು ಲಟಲಟ ಮುರಿದವು; ಲಾರಿ ಸೈಟಿನೊಳಗಿತ್ತು.