ಅಜ್ಜಿಯ ದನಿಗೆ ಎರಡು ಪಾಲು

ನಮ್ಮ ಚಿಕ್ಕಪ್ಪ ಗುರುಪ್ರಕಾಶ್ ಈ ಲೋಕದ ಜನರನ್ನು ಎರಡೇ ಜಾತಿಯಾಗಿ ವಿಂಗಡಿಸಿದ್ದರು: ಕಂಪ್ಯೂಟರಿನಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಬಳಸುವವರು, ಮತ್ತು ದನ. ಮೊದಲ ಜಾತಿಗೆ ಇಡೀ ಕೊಳ್ಳೇಗಾಲದಲ್ಲಿ ಅವರೊಬ್ಬರೇ ಸೇರಿದ್ದರಿಂದ, ಮಿಕ್ಕವರೆಲ್ಲ ಏನೆಂದು ಬೇರೆ ಹೇಳಬೇಕಾಗಿಲ್ಲ.

ಅವರ ಮನೆಯ ನಡುಮನೆಯಲ್ಲಿ, ಹಿಂದೆ ಬೀಸುವ ಕಲ್ಲಿದ್ದ ಮೂಲೆಯಲ್ಲಿ, ತಾವೇ ಜೋಡಿಸಿದ ಒಂದು ಕರಿಯ ಕಂಪ್ಯೂಟರ್ ಕೂತಿತ್ತು. ನಾನು ಮಾಂಬಳ್ಳಿಯಿಂದ ಬಂದು ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ಕಾಲ. ದಿನಕ್ಕೊಮ್ಮೆಯಾದರೂ ಅದರ ಮಹಾತ್ಮೆ ಕೇಳಲೇಬೇಕಿತ್ತು.

"ಇದ್ರೊಳಗ ಫೈಲ್‌ಗಳ್ನೆಲ್ಲ ಕಾಯದು ಝಡ್‌ಎಫ್‌ಎಸ್ಸು ಕಣವ್ವ ರಂಜನಿ. ಎರಡು ಡಿಸ್ಕು, ಒಂದಕ್ಕೊಂದು ಕನ್ನಡಿ. ಒಂದು ಸತ್ರೂ ಇನ್ನೊಂದ್ರಲ್ಲಿ ಎಲ್ಲ ಅದ. ತಪ್ಪಾದ್ರ ಅದೇ ಕಂಡಿಡಿತದ, ಅದೇ ಸರಿಮಾಡ್ಕತದ. ನೆನ್ನೆ ಎಂಗಿತ್ತೋ ಅಂಗೇ ಬೇಕು ಅಂದ್ರ ನೆನ್ನೆಗೇ ವಾಪಸ್ ಓಗ್ಬೋದು. ಜೊತೆಗ ಎರಡನೇ ಡಿಸ್ಕು ಆಕುದ್ಮ್ಯಾಲ ಜಾಗ್ವೂ ಡಬಲ್ ಆಗದ!"

ನೆನ್ನೆಗೆ ವಾಪಸ್ ಹೋಗಬಹುದು ಎಂಬ ಒಂದೇ ಮಾತಿಗೆ ನಾನು ಮರುಳಾದೆ. ಅಜ್ಜಿ ಬಸವಮ್ಮನ ಕತೆ ಕೇಳಿಕೊಂಡು ಬೆಳೆದವಳು ನಾನು. ಏಳು ಸಮುದ್ರದಾಚೆಯ ಗಿಣಿಯ ಹೊಟ್ಟೆಯಲ್ಲಿ ರಾಕ್ಷಸ ತನ್ನ ಜೀವ ಬಚ್ಚಿಡಬಹುದಾದರೆ, ಕರಿ ಡಬ್ಬಿಯೊಳಗೆ ಅಜ್ಜಿಯ ದನಿಯನ್ನು ಯಾಕೆ ಇಡಬಾರದು? ಚಿಕ್ಕಪ್ಪನ ಮನೆಯಲ್ಲೇ ಇದ್ದ ಅವಳು ಸಂಜೆ ಕತೆ ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಪ್ರತಿ ಕತೆಯ ಮೊದಲಿಗೂ ಅವಳ ಎಚ್ಚರಿಕೆ: "ಊಂ ಅನ್ನವ್ವ. ಊಂ ಅನ್ದಿದ್ರ ಕತ ನಿಂತೋಯ್ತದ."

"ಫೋನಲ್ಲಿ ಇಟ್ಕಳದು ನೀರ ಮ್ಯಾಲ ಬರ್ದಂಗ. ಇಲ್ಲಿ ಆಕು, ಅಲ್ಲಿ ಅಳಿಸ್ಬುಡು," ಎಂದರು ಚಿಕ್ಕಪ್ಪ. ಫೋನು ತುಂಬಿತ್ತು. ಹಾಕಿದೆ, ಅಳಿಸಿದೆ. ಅಜ್ಜಿಯ ಕತೆಗಳೆಲ್ಲ ಆ ಡಬ್ಬಿಯೊಂದರಲ್ಲೇ ಉಳಿದವು. ಆ ಬೇಸಿಗೆಯಲ್ಲಿ ಅಜ್ಜಿಯೂ ಹೋದಳು.

ತಿಥಿಯ ಹೋಳಿಗೆ ಅರಗುವ ಮೊದಲೇ ನಮ್ಮಪ್ಪ ಸದಾಶಿವಪ್ಪ ಪಾಲಿನ ಮಾತೆತ್ತಿದರು. ಪಾಲು ಮಾಡಿಸಲು ಯಳಂದೂರಿನಿಂದ ಹಿರಿಯರು ಮಹದೇವಯ್ಯನವರು ಚಿಕ್ಕಪ್ಪನ ನಡುಮನೆಗೆ ಬಂದು ಕೂತರು. ನಮ್ಮಲ್ಲಿ ಪಾಲಿನ ರೀತಿ ಹೀಗೆ: ಅಣ್ಣ ಗುಡ್ಡೆ ಮಾಡಬೇಕು, ತಮ್ಮ ಮೊದಲು ಆರಿಸಬೇಕು. ಹೊಲ, ಹಂಡೆ, ಕೊಳಗ ಎಲ್ಲ ಹಾಗೇ ಆಯಿತು. ಕೊನೆಗೆ ಒಂದು ಒರಳು ಉಳಿಯಿತು. ನನಗಿರಲಿ ಎಂದು ಇಬ್ಬರೂ ಹಟ ಹಿಡಿದರು. ಒರಳು ಅಪ್ಪನಿಗೆ, ಅದರ ಗುಂಡು ಚಿಕ್ಕಪ್ಪನಿಗೆ ಎಂದು ತೀರ್ಮಾನವಾಯಿತು. ಅಷ್ಟು ಜನ ದೊಡ್ಡವರಲ್ಲಿ ಒಬ್ಬರೂ ನಗಲಿಲ್ಲ.

ಆಮೇಲೆ ಅಪ್ಪ ಕರಿ ಡಬ್ಬಿಯತ್ತ ಕೈ ತೋರಿಸಿದರು. "ಅದ್ರೊಳಗ ನಮ್ಮವ್ವನ ದನಿ ಅದಲ್ಲ, ಅದು ಇವನೊಬ್ಬನಿಗೇ ಎಂಗಾದದು?"

ಅಜ್ಜಿ ಬದುಕಿದ್ದಾಗ ಅವಳ ಒಂದು ಕತೆಗೂ ಊಂ ಅನ್ನದ ಮನುಷ್ಯ.

ಚಿಕ್ಕಪ್ಪ ಮೂಗಿನಲ್ಲೇ ನಕ್ಕರು. "ಒಂದು ಡಿಸ್ಕ್ ತಕಂಡೋಗ್ಲಿ ಬುಡಿ. ನಮ್ ಸಿಸ್ಟಮ್ಮಲ್ಲಿ ಒಂದೊಂದ್ರಲ್ಲೂ ಎಲ್ಲ ಇರ್ತದ. ಇಂಥದ್ದೆಲ್ಲ ಇವ್ರ ತಲಗ ಎಲ್ಲಿ ಒಳದದು!"

"ಪಾಲು ಮಾಡುದ್ರೂ ಕಮ್ಮಿ ಆಗಲ್ಲ ಅನ್ನು. ದೇವ್ರಂಥ ಮಿಷಿನ್ನು," ಎಂದು ಮಹದೇವಯ್ಯ ಕೈ ಮುಗಿದರು.

ಚಿಕ್ಕಪ್ಪ ಬಿಚ್ಚಿಕೊಟ್ಟ ಎರಡು ಡಿಸ್ಕುಗಳನ್ನು ಅಪ್ಪ ಚಾಪೆಯ ಮೇಲಿಟ್ಟರು. ಕಿರಿಯರಾದ ಚಿಕ್ಕಪ್ಪ ಒಂದನ್ನು ಆರಿಸಿಕೊಂಡರು. ಆರಿಸಲು ಅಲ್ಲೇನಿತ್ತು ಎಂದು ಕೇಳಬೇಡಿ.

ಮಾಂಬಳ್ಳಿಗೆ ಬಂದ ಮೇಲೆ ನಮ್ಮ ಪಾಲಿನ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ತೆರೆಯ ಮೇಲೆ ಬಂತು.

"ಏನಂತದ?" ಎಂದರು ಅಪ್ಪ.

"ಎಲ್ಲಾನೂ ಒರಸಿ ಆಕ್ಲಾ ಅಂತ ಕೇಳ್ತಾ ಅದ."

"ಅಷ್ಟು ಮರ್ವಾದೆಯಿಂದ ಕೇಳ್ತಾ ಇದ್ರ ಊಂ ಅನ್ನಮ್ಮ, ಅತ್ಲಾಗ!"

ಅಜ್ಜಿಯ ಎಲ್ಲ ಕತೆಗೂ ಊಂ ಅಂದವಳು ಅಂದು ಅನ್ನಲಿಲ್ಲ. ನನ್ನ ಲ್ಯಾಪ್‌ಟಾಪಿನ ವಿಂಡೋಸಿಗೆ ಈ ಡಿಸ್ಕು ಓದಲು ಬಾರದು, ಅಷ್ಟೇ ಇರಬಹುದು ಎಂದುಕೊಂಡು ಅದನ್ನು ತೆಗೆದಿಟ್ಟು ಕೊಳ್ಳೇಗಾಲದ ಬಸ್ಸು ಹತ್ತಿದೆ.

ಅಲ್ಲಿ ನೋಡಿದರೆ ಚಿಕ್ಕಪ್ಪನ ಡಬ್ಬಿಯೂ ಬಾಯಿ ಬಿಡುತ್ತಿರಲಿಲ್ಲ. "ನಿಮ್ಮಪ್ಪ ಮುಟ್ಟುದ್ನಲ್ಲ, ಅದ್ಕೇ ಇಂಗಾಗದ," ಎಂದರು. ನಾನು ಅವರ ಪಕ್ಕ ಕೂತು ತೆರೆಯನ್ನು ಓದಿದೆ. ಕನ್ನಡಿಯ ಜೋಡಿ ಎಂಬ ಸುದ್ದಿಯೇ ಅಲ್ಲಿರಲಿಲ್ಲ. ಎರಡು ಡಿಸ್ಕುಗಳ ಹೆಸರು ಒಂದರ ಕೆಳಗೊಂದು ಬಿಡಿಬಿಡಿಯಾಗಿ ಇದ್ದವು. ಎರಡನೆಯದು ಕಾಣೆ, ಅದಿಲ್ಲದೆ ಏನೂ ತೆರೆಯುವುದಿಲ್ಲ ಎಂದಿತ್ತು.

"ಚಿಕ್ಕಪ್ಪ, ಎರಡನೇ ಡಿಸ್ಕು ಆಕ್ದಾಗ ಜಾಗ ಡಬಲ್ ಆಯ್ತು ಅಂದಿದ್ರಲ್ವ?"

"ಊಂ ಮತ್ತೆ. ಎರಡು ಟಿಬಿ ಇದ್ದ ಜಾಗ ನಾಕು ಟಿಬಿ!" ಆ ಹೊತ್ತಿನಲ್ಲೂ ಎದೆ ಉಬ್ಬಿತು.

"ಕನ್ನಡಿ ಮುಂದ ನಿಂತ್ಕಂಡ್ರ ಮನಗ ಆಳು ಇಬ್ರಾಯ್ತಾರ?"

ಅವರು ತೆರೆಯತ್ತ ಬಗ್ಗಿ ಎರಡು ಹೆಸರನ್ನೂ ಮತ್ತೆ ಓದಿದರು. ಎರಡನೆಯ ಡಿಸ್ಕನ್ನು ಮೊದಲನೆಯದಕ್ಕೆ ಕನ್ನಡಿಯಾಗಿ ಕಟ್ಟುವ ಬದಲು, ಹೊಲಕ್ಕೆ ಹೊಲ ಸೇರಿಸಿದಂತೆ ಪಕ್ಕಕ್ಕೆ ಸೇರಿಸಿಕೊಂಡಿದ್ದರು. ಜಾಗ ಹೆಚ್ಚಿದ ಖುಷಿಯಲ್ಲಿ ಆಮೇಲೆ ನೋಡಿಯೇ ಇರಲಿಲ್ಲ. ಅಂದಿನಿಂದ ಕತೆಗಳು ಚೂರುಚೂರಾಗಿ ಎರಡಕ್ಕೂ ಹಂಚಿಹೋಗಿದ್ದವು. ರಾಜಕುಮಾರಿಯ ತಲೆ ಕೊಳ್ಳೇಗಾಲದಲ್ಲಿ, ಜಡೆ ಮಾಂಬಳ್ಳಿಯಲ್ಲಿ.

ಮನೆಗೆ ಬಂದು ಅಪ್ಪನಿಗೆ ಬಿಡಿಸಿ ಹೇಳಿದೆ. ಅವರ ಮುಖ ಅರಳಿತು. "ಅಂಗಾರ ನಮ್ದಿಲ್ದೆ ಅವನ್ದು ತೆಗಿಯದೇ ಇಲ್ವ? ಬೀರುಗ ಆಕಿ ಬೀಗ ಆಕವ್ವ!"

"ನಮ್ದೂ ತೆಗಿಯದಿಲ್ಲ ಅಪ್ಪ."

"ತೆಗೀದೆ ಓಗ್ಲಿ. ಅವನ್ದು ತೆಗಿಬಾರ್ದು."

ಇಂಥವರೆದುರು ಅತ್ತು ಫಲವಿಲ್ಲ. ಅಜ್ಜಿಯ ಕತೆಗಳಲ್ಲಿ ಹುಲಿಯನ್ನು ಬೋನಿಗೆ ಹೊಗಿಸುವ ನರಿ ಎಂದೂ ಬೇಡುವುದಿಲ್ಲ. ಹುಲಿಯ ಮೀಸೆ ಹೊಗಳುತ್ತದೆ, ಇಲ್ಲವೇ ಹಂಗಿಸುತ್ತದೆ. "ಅಪ್ಪ, ನಿಮ್ಮ ಪಾಲಿಗ ಬಂದಿರದು ಬರೀ ಖಾಲಿ ಡಿಸ್ಕಂತ. ಚಿಕ್ಕಪ್ಪ ಅಂಗಂತ ನಗ್ತಾವ್ರ," ಎಂದೆ. ಚಿಕ್ಕಪ್ಪನಿಗೆ ಫೋನು ಮಾಡಿ, "ನಿಮ್ ಝಡ್‌ಎಫ್‌ಎಸ್ಸು ಅವ್ವನ ದನಿಯ ನುಂಗಾಕ್ತು ಅಂತ ಅಪ್ಪ ಊರ ತುಂಬ ಯೋಳ್ತಾವ್ರ," ಎಂದೆ.

ಮರುದಿನ ಬೆಳಗ್ಗೆಯೇ ಅಪ್ಪ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನೊಡನೆ ಕೊಳ್ಳೇಗಾಲಕ್ಕೆ ಹೊರಟರು. ತಮ್ಮನ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಜಗಲಿಯಲ್ಲಿ ಕೂತು ಕಿಟಕಿಯ ಸರಳಿನೊಳಗಿಂದ ಡಿಸ್ಕು ನೀಡಿ, "ಲೇ, ನೋಡ್ಲಾ ಖಾಲಿ ಅದಾ ಅಂತ," ಎಂದರು.

"ಮುಟ್ಟಿ ಕೆಡುಸ್ದೋರ್ಗ ತಿಳೀಬೇಕಲ್ಲ," ಎಂದು ಗೊಣಗುತ್ತ ಚಿಕ್ಕಪ್ಪ ಎರಡನ್ನೂ ಡಬ್ಬಿಗೆ ಕೂರಿಸಿದರು. ಯಂತ್ರ ಗುಂಯ್‌ಗುಟ್ಟಿತು. ಬೀಸುವ ಕಲ್ಲಿನ ಸದ್ದು ಇದಕ್ಕಿಂತ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ ಒಂದೊಂದಾಗಿ ಕತೆಗಳ ಹೆಸರು ತೆರೆಗೆ ಬಂದವು. ಎಲ್ಲವೂ ಇದ್ದವು.

"ನೋಡ್ದ್ಯಾ? ಒಂದಕ್ಷರ ಆಳಾಗಿಲ್ಲ! ಝಡ್‌ಎಫ್‌ಎಸ್ಸು ಅಂದ್ರ ಸುಮ್ನೆ ಅಲ್ಲ ಕಣವ್ವ," ಎಂದು ಚಿಕ್ಕಪ್ಪ ಕಿಟಕಿಗೆ ಕೇಳುವಂತೆ ಕೂಗಿದರು.

"ಖಾಲಿ ಇಲ್ಲ ತಾನೆ? ಕೇಳುಸ್ಕಳ್ಳಿ ಎಲ್ಲ," ಎಂದು ಅಪ್ಪ ಬೀದಿಗೆ ಕೇಳುವಂತೆ ಕೂಗಿದರು.

ನಾನು ಕತೆಗಳನ್ನೆಲ್ಲ ಫೋನಿಗೂ, ಜೊತೆಗೆ ತಂದಿದ್ದ ಎರಡು ಪೆನ್‌ಡ್ರೈವಿಗೂ ತುಂಬಿಕೊಂಡೆ. ಕೊನೆಗೆ ಒಂದು ಕತೆ ಹಾಕಿ ದನಿ ದೊಡ್ಡದು ಮಾಡಿದೆ.

"ಊಂ ಅನ್ನವ್ವ. ಊಂ ಅನ್ದಿದ್ರ ಕತ ನಿಂತೋಯ್ತದ," ಎಂದಳು ಅಜ್ಜಿ.

ಕಾದೆ. ಚಿಕ್ಕಪ್ಪ ಟಿಬಿ ಲೆಕ್ಕ ನೋಡುತ್ತಿದ್ದರು. ಜಗಲಿಯಿಂದ ಅಪ್ಪನ ದನಿ ಬಂತು: "ಅವ್ವಂದೇ ಅಲ್ವ ಅದು, ಗೊತ್ತಾಯ್ತು ಬುಡು. ಡಿಸ್ಕ್ ಕೊಡು, ಬಸ್ ಓಯ್ತದ." ರೆಕಾರ್ಡಿನೊಳಗಿದ್ದ ನಾನೇ ಊಂ ಅಂದೆ. ಕತೆ ಮುಂದೆ ಹೋಯಿತು.

"ಮತ್ತೆ ಬಿಚ್ಚುದ್ರ ಎರಡೂ ತೆಗಿಯಲ್ಲ," ಎಂದೆ ಇಬ್ಬರಿಗೂ.

"ಪಾಲಾದ್ದು ಕೂಡುಸ್ಬಾರ್ದು," ಎಂದರು ಅಪ್ಪ. ಅದೊಂದು ಮಾತಿಗೆ ಚಿಕ್ಕಪ್ಪ ಒಪ್ಪಿ ಸ್ಕ್ರೂ ಬಿಚ್ಚಿದರು.

ಅಪ್ಪನ ಅರ್ಧ ಈಗ ಮಾಂಬಳ್ಳಿಯ ದೇವರ ಗೂಡಿನಲ್ಲಿದೆ. ಬಂದವರಿಗೆಲ್ಲ ತೋರಿಸುತ್ತಾರೆ, "ನಮ್ಮವ್ವನ ದನಿ." ಚಿಕ್ಕಪ್ಪ ತಮ್ಮ ಅರ್ಧವನ್ನು ಹಾಗೆಯೇ ತೋರಿಸುತ್ತಾರಂತೆ. ಒರಳಿನಲ್ಲಿ ನಮ್ಮ ಕೋಳಿಗಳು ನೀರು ಕುಡಿಯುತ್ತವೆ. ಅಜ್ಜಿಯ ಕತೆ ಕೇಳಬೇಕು, ಹಾಕು ಎಂದು ಇಬ್ಬರಲ್ಲಿ ಒಬ್ಬರೂ ನನ್ನನ್ನು ಈವರೆಗೆ ಕೇಳಿಲ್ಲ.

ಕಳೆದ ಸೋಮವಾರ ಅಪ್ಪ ಕರೆದರು. "ಅವ್ವನ ಡಿಸ್ಕಿಗೆ ವಿಭೂತಿ ಇಡವ್ವ."

ನೀರಿನಲ್ಲಿ ಕಲಸಿ, ಮೂರು ಬೆರಳು ತುಂಬ ಅದ್ದಿ, ವೈರು ಚುಚ್ಚುವ ಪಿನ್ನುಗಳ ಮೇಲೇ, ಇನ್ನೆಂದೂ ಅದನ್ನು ಯಾವ ಡಬ್ಬಿಗೂ ಚುಚ್ಚಲಾಗದಂತೆ, ದಪ್ಪಗೆ ಎಳೆದೆ.

"ಇನ್ನೊಂದಿಷ್ಟು ಇಡವ್ವ," ಎಂದರು ಅಪ್ಪ. ಇಟ್ಟೆ.