ಅಳೆಯದ ಹನ್ನೊಂದು ಚುಕ್ಕಿ

ಆ ಹನ್ನೊಂದು ನಕ್ಷತ್ರಗಳನ್ನು ತಾನು ಅಳೆದೇ ಇಲ್ಲವೆಂದು ಅರ್ಜುಮಂದ ಡೈರಿಯಲ್ಲಿ ಮಾತ್ರ ಒಪ್ಪಿಕೊಂಡಿದ್ದಳು. ಅದೂ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಿಬಿಡಬಹುದೆಂದು.

ಎಂ.ಎಸ್ಸಿ. ಮುಗಿಸಿ ಶಹಾಪುರದ ಮನೆಯಲ್ಲಿ ಕೂತಿದ್ದವಳಿಗೆ ಈ ಕೆಲಸ ಕೊಟ್ಟವರು ಕಾಲೇಜಿನ ವಿಶ್ವರಾಧ್ಯ ಸರ್. ಲಕ್ಷಗಟ್ಟಲೆ ನಕ್ಷತ್ರಗಳು ಜೇನುಹುಳುಗಳಂತೆ ಮುತ್ತಿಕೊಂಡ ಒಂದು ಗುಚ್ಛ. ದೂರದರ್ಶಕದಲ್ಲಿ ಅದರ ಚಿತ್ರವನ್ನು ನೀಲಿ ಗಾಜಿನ ಮೂಲಕ ಒಮ್ಮೆ, ಕೆಂಪು ಗಾಜಿನ ಮೂಲಕ ಒಮ್ಮೆ ತೆಗೆದಿದ್ದರು. ಎರಡರಲ್ಲೂ ಐನೂರು ನಕ್ಷತ್ರಗಳ ಬೆಳಕು ಅಳೆದು, ವ್ಯತ್ಯಾಸದಿಂದ ಒಂದೊಂದರ ಬಣ್ಣ ಹೇಳಬೇಕು. ನಡುಭಾಗದಲ್ಲಿ ಒಂದರ ಮೇಲೊಂದು ಬಿದ್ದಿದ್ದ ಹತ್ತನ್ನು ಬಿಡಿಸಲಾಗಲಿಲ್ಲ. ‘ಆಗಲಿಲ್ಲ ಸರ್’ ಎನ್ನಲು ಬಾಯಿ ಬರಲಿಲ್ಲ. ಹೊಂದುವಂಥ ಅಂಕಿ ಬರೆದಳು. ಪಟ್ಟಿ ಐನೂರು ತುಂಬಲೆಂದು, ಬರೀ ಕತ್ತಲಿದ್ದ ಜಾಗದಲ್ಲಿ ಇಲ್ಲದ ಒಂದು ನಕ್ಷತ್ರವನ್ನೇ ಬರೆದಿಟ್ಟಳು.

ಈಗ ಇನ್ನೂ ದೊಡ್ಡ ದೂರದರ್ಶಕದ ಸ್ವಚ್ಛ ಚಿತ್ರ ಬಂದಿತ್ತು. ತಾಳೆ ನೋಡಲು ಸರ್ ಅವಳನ್ನು ಕಾಲೇಜಿಗೆ ಕರೆಸಿದರು. ಮಟಮಟ ಮಧ್ಯಾಹ್ನ, ಕಿಟಕಿಗೆ ಕರಿ ಪರದೆ, ಕಂಪ್ಯೂಟರಿನಲ್ಲಿ ಆ ಹೊಸ ಚಿತ್ರ.

ಕಸಗುಡಿಸುವ ಅಯ್ಯಮ್ಮ ಚಹಾ ತಂದಿಟ್ಟಳು. “ಹಾಡಹಗಲ ಚುಕ್ಕಿ ನೋಡ್ತೀರಿ, ರಾತ್ರಿ ಆದ್ರ ಗೊರಕಿ ಹೊಡಿತೀರಿ. ಎಂಥಾ ಮಂದಿರಪಾ!”

“ನೀ ಪರದಿ ಸರಸಬ್ಯಾಡ, ಹೋಗಬೇ,” ಎಂದು ಸರ್ ನಕ್ಕರು.

ಅರ್ಜುಮಂದ ಆ ಹನ್ನೊಂದರಲ್ಲಿ ಮೊದಲನೆಯದರ ಬೆಳಕನ್ನು ಅಳೆದಳು. 15.427. ಹಳೆಯ ಪಟ್ಟಿಯಲ್ಲಿ ತಾನು ಊಹಿಸಿ ಬರೆದದ್ದೂ 15.427. ಎರಡನೆಯದೂ ಹಾಗೇ. ನಾಲ್ಕನೆಯದನ್ನು ಎರಡೆರಡು ಸಲ ಅಳೆದಳು. ಆರನೆಯದರಲ್ಲಿ ಬೇಕೆಂದೇ ನಕ್ಷತ್ರದ ಸುತ್ತಲಿನ ಅಳತೆಯ ವೃತ್ತವನ್ನು ಪಕ್ಕಕ್ಕೆ ಸರಿಸಿದಳು. ಅಂಕಿ ಅಲುಗಲಿಲ್ಲ. ಕೊನೆಗೆ, ಕತ್ತಲಿದ್ದ ಆ ಜಾಗದಲ್ಲಿ ಸಣ್ಣದೊಂದು ಕೆಂಪು ಚುಕ್ಕಿ, ಎಂದಿನಿಂದಲೂ ಅಲ್ಲೇ ಇತ್ತೆಂಬಂತೆ.

“ಭಲೇ ಅರ್ಜುಮಂದ!” ಎಂದರು ಸರ್. “ಮಷಿನ್ ಸೋತಲ್ಲಿ ನಿನ್ನ ಕಣ್ಣು ಗೆದ್ದಾವ. ಪ್ರಬಂಧದಾಗ ನಿನ್ನ ಹೆಸರ ಮೊದಲ ಹಾಕಾಕತ್ತೇನಿ. ಪಿಎಚ್.ಡಿ. ಸೀಟು ತಾನ ಮನಿಗೆ ಬರ್ತದ ನೋಡು.”

ಸುಮ್ಮನಿದ್ದರೆ ಸಾಕಿತ್ತು. ಎಲ್ಲ ತಾಳೆಯಾಗಿತ್ತು; ಇನ್ನು ಯಾರೂ ಹಿಡಿಯುವಂತಿರಲಿಲ್ಲ.

ಸರ್ ಇನ್ನೊಂದು ಗುಚ್ಛದ ಖಾಲಿ ಪಟ್ಟಿ ತೆರೆದರು. “ಇದರ ನಡುಭಾಗ ಇನ್ನೂ ಕಷ್ಟ ಅದ. ನಿನಗ ಹೆಂಗ ಕಾಣತದ ಹಂಗ ಬರಿ. ನೀ ಬರದದ್ದನ್ನ ನಾ ತಿರುಗಿ ನೋಡಂಗಿಲ್ಲ.”

ಚಿತ್ರವನ್ನು ಅವಳಿನ್ನೂ ನೋಡಿರಲಿಲ್ಲ. ಮೊದಲ ಖಾನೆಯ ಅಂಕಿ ಆಗಲೇ ತಲೆಯೊಳಗೆ ಬಂದು ಕೂತಿತ್ತು, ಕೊನೆಯ ದಶಾಂಶದವರೆಗೆ. ಅದರ ಬೆನ್ನಿಗೇ ಎರಡನೆಯದು. ಮೂರನೆಯದು. ಬೆರಳು ಕೀಬೋರ್ಡಿನ ಮೇಲಿತ್ತು. ಒತ್ತಿದರೆ ಎಲ್ಲೋ ದೂರದ ಕತ್ತಲಲ್ಲಿ ಏನೋ ಹೊತ್ತಿಕೊಳ್ಳುತ್ತದೆ ಎನ್ನಿಸಿತು.

ಕೈ ಹಿಂದಕ್ಕೆಳೆದುಕೊಂಡಳು.

“ಸರ್,” ಎಂದಳು. ಆ ದನಿಯ ಗುರುತು ಅವಳಿಗೇ ಹತ್ತಲಿಲ್ಲ. “ಆ ಹನ್ನೊಂದು ನಾ ಅಳದಿಲ್ರಿ. ಹುಟ್ಟಿಸಿ ಬರದೀನ್ರಿ.”